ಕಂಬಳಿ ಕಟ್ಟಿದ ಗೋಡೌನಿನಲ್ಲಿ ನಮ್ಮ ಫಂಕ್ ರೆಕಾರ್ಡು

ಮೊದಲ ದಿನ ನಾವು ಹಾಡಲೂ ಇಲ್ಲ, ನುಡಿಸಲೂ ಇಲ್ಲ, ಬರೀ ಚಪ್ಪಾಳೆ ತಟ್ಟಿದೆವು. ಬೆಂಗಳೂರಿನಿಂದ ಬಂದಿದ್ದ ಸೌಂಡ್ ಇಂಜಿನಿಯರ್ ಗೋಡೌನಿನ ನಾಲ್ಕು ಮೂಲೆಗೂ ಹೋಗಿ ಒಂದೊಂದು ಚಪ್ಪಾಳೆ ಹೊಡೆದು, ತಲೆ ವಾರೆ ಮಾಡಿ, ಅದು ಎಷ್ಟು ಹೊತ್ತು ಸಾಯದೆ ಸುತ್ತುತ್ತದೆ ಅಂತ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಮಿಸ್, ಇದು ಸ್ಟುಡಿಯೋ ಅಲ್ಲ, ಬಾವಿ,” ಅಂದರು.

ಗೋಡೌನು ಮಧುಗಿರಿಯ ಊರಾಚೆ, ನಮ್ಮ ಗಿಟಾರಿಸ್ಟ್‌ನ ತಂದೆಯ ಎಣ್ಣೆ ಮಿಲ್ಲಿನ ಹಿಂದೆ ಇತ್ತು. ಕಡಲೆಕಾಯಿ ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಎಂಬತ್ತರ ದಶಕದ ಮೊದಮೊದಲ ಒಂದು ಏಪ್ರಿಲ್. ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದ ಹೈಸ್ಕೂಲಿಗೆ ರಜ. ಬ್ಯಾಂಡಿನಲ್ಲಿ ನಾವು ನಾಲ್ಕೇ ಜನ. ಗಿಟಾರಿಸ್ಟ್ ಒಬ್ಬ. ಬೇಸ್ ಗಿಟಾರ್ ನುಡಿಸುವವನು ಪಾವಗಡದವನು, ಕೆಲಸ ಕೊರಟಗೆರೆಯ ಕರೆಂಟ್ ಸಬ್‌ಸ್ಟೇಷನ್ನಿನಲ್ಲಿ. ಡ್ರಮ್ಸಿಗೆ ಶಿರಾದ ಭಾಯಿ. ಆರ್ಗನ್ ನುಡಿಸಿಕೊಂಡು ಹಾಡುವುದು ನನ್ನ ಪಾಲು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಚಾಪೆಲ್ ಆರ್ಗನ್ ಕಲಿಸಿದ್ದು ಕೊನೆಗೆ ಇದಕ್ಕೆ ಬಂತು ಅಂತ ಗೊತ್ತಾಗಿದ್ದರೆ ಏನನ್ನುತ್ತಿದ್ದರೋ, ಗಾಡ್ ನೋಸ್.

ಫಂಕ್ ಅಂದರೆ ಏನು ಅಂತ ಆಗ ಎಲ್ಲರೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ನಾಲ್ಕು ಏಟಿನ ಸುತ್ತಿನಲ್ಲಿ ಒಂದನೇ ಏಟಿಗೆ ಎಲ್ಲರೂ ಒಟ್ಟಿಗೆ ಕಾಲೂರಬೇಕು. ಮಿಕ್ಕ ಮೂರರಲ್ಲಿ ಯಾರು ಎಲ್ಲಿ ಬೇಕಾದರೂ ತಿರುಗಾಡಿಕೊಂಡು ಬರಬಹುದು. ವಾಪಸ್ ಬರುವ ಹೊತ್ತು ಮಾತ್ರ ತಪ್ಪಬಾರದು. ಆ ಹೊತ್ತನ್ನು ಕಾಯುವವನು ಡ್ರಮ್ಮರ್. ಉಳಿದವರು ತಪ್ಪಿದರೆ ಹಾಡು ಕುಂಟುತ್ತದೆ, ಡ್ರಮ್ಮರ್ ತಪ್ಪಿದರೆ ಹಾಡೇ ಇರುವುದಿಲ್ಲ.

ಭಾಯಿ ಇಪ್ಪತ್ತು ವರ್ಷ ಮದುವೆಯ ಬ್ಯಾಂಡ್ ಸೆಟ್ಟಿನಲ್ಲಿ ಬಾರಿಸಿದವರು. ತುತ್ತೂರಿ, ಪಟಾಕಿಗಳ ಮಧ್ಯೆ ನಡೆದೂ ನಡೆದೂ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಹೆಚ್ಚು ವರ್ಷ ಉಳಿಯದು ಅಂತ ತುಮಕೂರಿನ ಡಾಕ್ಟರು ಹೇಳಿದ್ದರು. ಅದನ್ನವರು ನಮ್ಮಿಂದ ಮುಚ್ಚಿಡಲಿಲ್ಲ. “ಮದುವೇಲಿ ಬಾರಿಸಿದ್ದು ಮದುವೆ ಮುಗಿದ್ರೆ ಮುಗೀತು ಮೇಡಂ. ಈ ಕಿವಿ ಹೋಗೋದ್ರೊಳಗೆ ನಂದೂ ಅಂತ ಒಂದಾದ್ರೂ ಉಳೀಬೇಕು. ಒಂದು ರೆಕಾರ್ಡು, ಬಸ್.”

ಟೇಪ್ ಮೆಷಿನ್ನು ಹನ್ನೆರಡು ದಿನಕ್ಕೆ ಮಾತ್ರ ನಮ್ಮದು. ಮೊದಲು ಎರಡು ಹಾಡು ಮಾಡಿ ಬೆಂಗಳೂರಿನ ಒಂದು ಸಣ್ಣ ರೆಕಾರ್ಡ್ ಕಂಪನಿಗೆ ಕಳಿಸಬೇಕು, ಅವರಿಗೆ ಒಪ್ಪಿಗೆಯಾದರೆ ಎಂಟು ಹಾಡಿನ ಆಲ್ಬಂ ಹೊರಬರುತ್ತದೆ. ಹೀಗಂತ ಮಾತಾಗಿತ್ತು. ಕಂಪನಿಯ ಜೊತೆಗಿನ ಇಂಗ್ಲಿಷ್ ಪತ್ರವ್ಯವಹಾರವೆಲ್ಲ ನನ್ನದು.

ಬಾವಿಯನ್ನು ಸ್ಟುಡಿಯೋ ಮಾಡಲು ಇಂಜಿನಿಯರ್ ಕೇಳಿದ್ದು ದಪ್ಪ ಬಟ್ಟೆ. ಶಿರಾ ಸೀಮೆಯಲ್ಲಿ ದಪ್ಪ ಬಟ್ಟೆ ಅಂದರೆ ಇನ್ನೇನು, ಕಂಬಳಿ. ಗಿಟಾರಿಸ್ಟ್ ನೇಯುವವರ ಮನೆಯಿಂದಲೇ ಹೊಚ್ಚ ಹೊಸ ಕರಿ ಕಂಬಳಿಗಳನ್ನು ಗಾಡಿಯಲ್ಲಿ ತರಿಸಿದ. ಗೋಡೆಗೆ ಒರಗಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರೆ ಸದ್ದು ಮುಂಚಿಗಿಂತ ಒರಟಾಗಿ ಮುಖಕ್ಕೇ ಹೊಡೆಯಿತು. ಹಲಗೆಯ ಹಾಗಿದ್ದವು. ಕಂಬಳಿ ಜೊತೆ ಗಾಡಿಯಲ್ಲಿ ಬಂದಿದ್ದ ತಾವರೆಕೆರೆ ಕಡೆಯ ಕುರಿ ಯಜಮಾನರೊಬ್ಬರು ನಮ್ಮ ಪೇಚಾಟ ನೋಡುತ್ತಾ ಬಾಗಿಲಲ್ಲಿ ಕೂತಿದ್ದರು.

“ಹೊಸಾ ಕಂಬ್ಳಿ ಇಂಗೇ ಕಣಮ್ಮ,” ಅಂದರು. “ಹುಣಿಸೆ ಬೀಜದ ಗಂಜಿ ಹಾಕವ್ರೆ, ಅದ್ಕೇ ಬಿರ್ಸಾಗಿರ್ತದೆ. ಮಳೇಲಿ ನೆನೀಬೇಕು, ಬಿಸ್ಲಲ್ಲಿ ಬೇಯ್ಬೇಕು, ಮನ್ಸನ್ ಮೈಮ್ಯಾಲೆ ಎರಡೊರ್ಸ ಇರ್ಬೇಕು. ಆಮ್ಯಾಕೆ ಬಟ್ಟೆ ಆಯ್ತದೆ.”

“ಅಜ್ಜಾ, ನಮಗಿರೋದೇ ಹನ್ನೆರಡು ದಿನ,” ಅಂದೆ.

ಅವರು ತಮ್ಮ ಹಟ್ಟಿಯಿಂದ ಹಳೇ ಕಂಬಳಿಗಳನ್ನು ಕೊಡಿಸುವುದಾಗಿ ಹೇಳಿದರು. ಹೊಸವು ಅಲ್ಲಿಗೆ ಹೋಗಲಿ, ಹಳೆಯವು ಇಲ್ಲಿಗೆ ಬರಲಿ, ಕೆಲಸ ಮುಗಿದ ಮೇಲೆ ಅವರದು ಅವರಿಗೆ. ಮಾರನೆಯ ದಿನ ಮೂವತ್ತಕ್ಕೂ ಮಿಕ್ಕಿ ಕಂಬಳಿ ಬಂದವು, ಜೊತೆಗೆ ಒಂದಿಡೀ ಕುರಿಮಂದೆಯ ವಾಸನೆಯೂ ಬಂತು. ಇಂಜಿನಿಯರ್ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿದ್ದೇ ತಡ, ಅಜ್ಜ ಕೂತಲ್ಲಿಂದ ನೆಗೆದು ಬಂದರು.

“ಏಯ್! ಕಂಬ್ಳಿಗೆ ಮೊಳೆ ಹೊಡೀತೀಯೇನ್ಲಾ? ದ್ಯಾವ್ರು ಕೂರೋ ಗದ್ದುಗೆ ಕಣ್ಲಾ ಅದು! ಬಿಸಾಕು ಸುತ್ಗೇನ!”

ಬೆಂಗಳೂರಿನಲ್ಲಿ ದೊಡ್ಡದೊಡ್ಡವರಿಗೆ ಮೈಕು ಹಿಡಿದಿದ್ದ ಮನುಷ್ಯ, ಪಾಪ, ಮೊಳೆ ಉಗುಳಿ ಸುತ್ತಿಗೆ ಕೆಳಗಿಟ್ಟುಬಿಟ್ಟರು. ಅಜ್ಜ ಎರಡು ಷರತ್ತು ಹಾಕಿದರು. ಕಂಬಳಿಗೆ ಮೊಳೆ ತಾಕಬಾರದು, ಕಂಬಳಿ ಇರುವ ಜಾಗಕ್ಕೆ ಚಪ್ಪಲಿ ಬರಬಾರದು. ಆಮೇಲೆ ಬಿದಿರು ಗಳ ತರಿಸಿ, ಕುರಿ ರೊಪ್ಪಕ್ಕೆ ತಡಿಕೆ ಕಟ್ಟುವ ಹಾಗೆ ಹುರಿಹಗ್ಗದಲ್ಲಿ ಬಿಗಿದು, ಅದರ ಮೇಲೆ ಒಂದೊಂದೇ ಕಂಬಳಿ ಮಡಚಿ ಇಳಿಬಿಟ್ಟರು. ಸಂಜೆ ಇಂಜಿನಿಯರ್ ಚಪ್ಪಾಳೆ ತಟ್ಟಿದರೆ ಅದು ಅವರ ಅಂಗೈಯಲ್ಲೇ ಸತ್ತಿತು. “ಬ್ಯೂಟಿಫುಲ್,” ಅಂದರು. ಕಂಬಳಿ ಕಾಯಲು ಅಜ್ಜ ಕೆಲಸ ಮುಗಿಯುವವರೆಗೂ ಬಾಗಿಲಲ್ಲೇ ಉಳಿದುಬಿಟ್ಟರು.

ಎಲ್ಲರಿಗೂ ಬ್ಯೂಟಿಫುಲ್ ಆದದ್ದು ಭಾಯಿಗೆ ಕುತ್ತಾಯಿತು. ಗೋಡೆಯಿಂದ ಸದ್ದು ಮರಳದ ಕೋಣೆಯಲ್ಲಿ ಅರೆಗಿವಿಯ ಮನುಷ್ಯನಿಗೆ ಏನೂ ದಕ್ಕುವುದಿಲ್ಲ. ಅದಕ್ಕೊಂದು ಉಪಾಯವನ್ನು ಅವರೇ ಹುಡುಕಿಕೊಂಡರು. ಮೂಟೆ ಇಡುವ ಉದ್ದದ ಮರದ ಹಲಗೆಯ ಒಂದು ತುದಿಯಲ್ಲಿ ಬೇಸ್ ಗಿಟಾರಿನ ಆಂಪ್ಲಿಫೈಯರ್, ಇನ್ನೊಂದು ತುದಿಯಲ್ಲಿ ತಮ್ಮ ಸ್ಟೂಲು. ಅಜ್ಜನ ದಯೆಯಿಂದ ಕಾಲು ಹೇಗೂ ಬರಿಗಾಲು. ಹಿಮ್ಮಡಿ ಹಲಗೆಗೆ ಊರಿ, ಕಣ್ಣು ಮುಚ್ಚಿ, ಒಂದು ನಿಮಿಷ ಬಿಟ್ಟು ಹೇಳಿದರು, “ಬೇಸು ಕಾಲಲ್ಲಿ ಬರ್ತಾ ಇದೆ ಮೇಡಂ. ಬಹುತ್ ಸಾಫ್. ಕಿವಿಗಿಂತ ಒಳ್ಳೇದು.”

ನಮ್ಮ ದಿನದ ಕೆಲಸವೆಲ್ಲ ಬೇಸಿನವನ ಡ್ಯೂಟಿಯ ಮೇಲೆ ನಿಂತಿತ್ತು. ರಾತ್ರಿ ಪಾಳಿ ಮುಗಿಸಿ, ಬೆಳಿಗ್ಗೆ ಹತ್ತಕ್ಕೆ ಹಳ್ಳಿಗಳ ಲೈನಿಗೆ ತ್ರೀ ಫೇಸ್ ಕರೆಂಟು ಕೊಟ್ಟು, ಅಂದರೆ ಪಂಪ್‌ಸೆಟ್ಟುಗಳಿಗೆ ಬೇಕಾದ ಕರೆಂಟು ಬಿಟ್ಟು, ಚಾರ್ಜ್ ಒಪ್ಪಿಸಿ ಬಸ್ಸು ಹತ್ತುತ್ತಿದ್ದ. ನಾಲ್ಕು ಗಂಟೆಗೆ ಆ ಕರೆಂಟನ್ನು ಇನ್ನೊಬ್ಬರು ತೆಗೆಯುತ್ತಿದ್ದರು. ಹನ್ನೊಂದೂವರೆಗೆ ಇವನು ಗೋಡೌನಿನ ಬಾಗಿಲಲ್ಲಿ ಹಾಜರು. “ರೈತರಿಗೆಲ್ಲ ನೀಳ್ಳು ಬಿಟ್ಟು ಬಂದ್ನಕ್ಕಾ, ಇಂಕ ಮನದೇ!” ಅಂತ ದಿನಾ ಪಾವಗಡದ ತೆಲುಗು ಬೆರೆಸಿ ಕೂಗುವನು. ರೈತರಿಗೆ ನೀರು ಬಿಟ್ಟಾಯ್ತು, ಇನ್ನು ನಮ್ಮದೇ ರಾಜ್ಯ ಅಂತ. ನಾವು ಹನ್ನೆರಡರಿಂದ ಮೂರರವರೆಗೆ ರೆಕಾರ್ಡ್ ಮಾಡುತ್ತಿದ್ದೆವು.

ಆರನೆಯ ದಿನಕ್ಕೆ ಎರಡು ಹಾಡು ಮುಗಿದವು. ಅಲ್ಲೇ ಅದೇ ಮೆಷಿನ್ನಿನಲ್ಲಿ, ಅದೇ ಮಟಮಟ ಮಧ್ಯಾಹ್ನ ಹಾಕಿ ಕೇಳಿದೆವು. ಫಸ್ಟ್ ಕ್ಲಾಸ್ ಇತ್ತು. ಭಾಯಿ ಬಲಗಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳುತ್ತಾ ಕಣ್ಣೊರೆಸಿಕೊಂಡರು. ಟೇಪನ್ನು ಮಿಲ್ಲಿನ ಕಾರಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಎರಡು ದಿನ ಬಿಟ್ಟು ಶನಿವಾರ ಅದೇ ಕಾರು ಕಂಪನಿಯ ಪತ್ರ ತಂದಿತು.

ಆ ಪತ್ರವನ್ನು ನಾನು ಓದಿದ ರೀತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಲಕೋಟೆ ಹರಿದು, ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಕ್ಲಾಸಿನಲ್ಲಿ ಪಾಠ ಓದುವ ಹಾಗೆ ಒಂದೊಂದು ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಡು ಪರವಾಗಿಲ್ಲ, ಆರ್ಗನ್, ಗಿಟಾರ್ ನಡೆಯುತ್ತದೆ ಅಂತ ಇತ್ತು. ಮುಂದಿನ ಸಾಲಿಗೆ ಬರುವ ಹೊತ್ತಿಗೆ ನಿಲ್ಲಿಸಲು ಆಗಲಿಲ್ಲ. ಡ್ರಮ್ಮರ್ ಓಡುತ್ತಾನೆ, ಎರಡೂ ಹಾಡು ಶುರುವಿಗಿಂತ ಕೊನೆಯಲ್ಲಿ ಎದ್ದು ಕಾಣುವಷ್ಟು ವೇಗವಾಗಿವೆ, ಇಂಥ ತಾಳ ಹಿಡಿದು ರೆಕಾರ್ಡ್ ಅಚ್ಚು ಹಾಕುವ ಹಾಗಿಲ್ಲ. ತಮ್ಮದೇ ಡ್ರಮ್ಮರ್‌ನನ್ನು ಮಂಗಳವಾರ ಕಳಿಸುತ್ತಾರೆ, ಎಲ್ಲವನ್ನೂ ಅವನೊಡನೆ ಹೊಸದಾಗಿ ಮಾಡುವುದು. ಇಲ್ಲವೆಂದರೆ ಮಾತು ಇಲ್ಲಿಗೆ ಮುಗಿಯಿತು.

ಗಿಟಾರಿಸ್ಟ್ ಗಂಟಲು ಸರಿಮಾಡಿಕೊಂಡ. “ಭಾಯಿ, ರೆಕಾರ್ಡಿನ ಕವರ್ ಮೇಲೆ ನಿಮ್ಮ ಹೆಸರು ಹಾಕೇ ಹಾಕ್ತೀವಿ. ಸಹಾಯ ಮಾಡಿದೋರು ಅಂತ.”

“ಬಾರಿಸದೇ ಇರೋ ಹಾಡಿಗೆ ಹೆಸರು ಯಾಕೆ ಸಾಬ್?” ಅಂದರು ಭಾಯಿ. ಕೋಲುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. “ಗಲತಿ ನಂದೇ ಇರ್ಬೇಕು. ಬಲಗಿವೀನೂ ಕೈ ಕೊಟ್ಟಿದೆ, ನಂಗೇ ಗೊತ್ತಾಗಿಲ್ಲ. ನನ್ನಿಂದ ನಿಮ್ಮ ಕೆಲ್ಸ ನಿಲ್ಲೋದು ಬೇಡ.”

ಅವರು ಶಿರಾ ಬಸ್ಸಿಗೆ ನಡೆದು ಹೋದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಕಂಪನಿಯ ಮಾತನ್ನೇ ನಂಬಿದ್ದೆ. ಅರೆಗಿವಿಯ ಡ್ರಮ್ಮರ್, ತಾಳ ಓಡಿದೆ, ಇದರಲ್ಲಿ ಅನುಮಾನಪಡಲು ಏನಿದೆ ಅನ್ನಿಸಿತ್ತು.

ಮಾರನೆಯ ದಿನ ಭಾನುವಾರ. ಎಲ್ಲೋ ಲೈನ್ ರಿಪೇರಿ, ಇವತ್ತು ಹಳ್ಳಿಗಳಿಗೆ ತ್ರೀ ಫೇಸ್ ಇಲ್ಲ, ದೀಪಕ್ಕೆ ಮಾತ್ರ ಕರೆಂಟು ಅಂತ ಬೇಸಿನವನು ಮೊದಲೇ ಹೇಳಿದ್ದ. ನನಗೆ ಮನೆಯಲ್ಲಿ ಕೂರಲಾಗದೆ ಹನ್ನೊಂದರ ಹೊತ್ತಿಗೆ ಗೋಡೌನಿಗೆ ಹೋದೆ. ಅಜ್ಜ ಬಾಗಿಲಲ್ಲಿದ್ದರು. ಟೇಪ್ ಏರಿಸುವುದನ್ನು ಇಂಜಿನಿಯರ್ ನನಗೆ ಕಲಿಸಿದ್ದರು. ಕಾರಿನಲ್ಲಿ ವಾಪಸ್ ಬಂದಿದ್ದ ಅದೇ ಟೇಪ್ ಹಾಕಿ, ತಪ್ಪು ಎಲ್ಲಿದೆ ಅಂತ ನನ್ನ ಕಿವಿಯಿಂದಲೇ ಕೇಳಲು ಕೂತೆ.

ಓಡುತ್ತಿತ್ತು. ಮೊನ್ನೆ ಇಲ್ಲೇ ಸರಿಯಾಗಿ ಕೇಳಿಸಿದ್ದ ಹಾಡು ಇವತ್ತು ಮೂರನೇ ಚರಣದ ಹೊತ್ತಿಗೆ ಬಸ್ಸಿಗೆ ತಡವಾದವರ ಹಾಗೆ ಏದುಸಿರು ಬಿಡುತ್ತಿತ್ತು. ಕೊನೆಯಲ್ಲಿ ನನ್ನ ದನಿಯೂ ಪುಟ್ಟ ಹುಡುಗಿಯ ದನಿಯ ಹಾಗೆ ತೆಳ್ಳಗಾಗಿತ್ತು. ಅಯ್ಯೋ, ಗಾಬರಿಯಲ್ಲಿ ನಾನೂ ಶ್ರುತಿ ಬಿಟ್ಟಿದ್ದೀನಾ ಅಂತ ಭಯವಾಯಿತು. ಮೂಲೆಯಲ್ಲಿ ಗಿಟಾರಿಸ್ಟ್‌ನ ತಾಯಿಯ ಭಜನೆ ಹಾರ್ಮೋನಿಯಂ ಇತ್ತು, ಶ್ರುತಿ ನೋಡಿಕೊಳ್ಳಲು ಇಟ್ಟುಕೊಂಡಿದ್ದೆವು. ಹಾಡನ್ನು ಮೊದಲಿಂದ ಹಾಕಿ, ತಿದಿ ಒತ್ತಿ, ಸ್ವರ ಹಿಡಿದೆ. ಶುರುವಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಕೊನೆಯ ಚರಣದಲ್ಲಿ ಟೇಪು ಮೇಲಿತ್ತು, ಸುಮಾರು ಅರ್ಧ ಸ್ವರ. ನಾನೇ ಏರಿಸಿದ್ದೇನೆ ಅಂದುಕೊಂಡೆ. ಆದರೆ ನನ್ನ ಜೊತೆ ಆರ್ಗನ್ನೂ ಏರಿತ್ತು. ಬೇಸ್ ಗಿಟಾರೂ ಏರಿತ್ತು.

ಕೈ ಅಲ್ಲೇ ನಿಂತಿತು. ನಾನು ಗಾಬರಿಯಾಗಬಹುದು, ಆರ್ಗನ್ ಗಾಬರಿಯಾಗುವುದಿಲ್ಲವಲ್ಲ. ಡ್ರಮ್ಮರ್ ಹಾಡನ್ನು ಓಡಿಸಬಲ್ಲ, ಆರ್ಗನ್ನಿನ ಸ್ವರವನ್ನು ಮೇಲಕ್ಕೆ ಎತ್ತಲಾರ. ಎಲ್ಲವೂ ಒಟ್ಟಿಗೆ ಏರಿ, ಒಟ್ಟಿಗೆ ಓಡಿದರೆ ಅದು ಟೇಪಿನ ಕೆಲಸ, ಮನುಷ್ಯನದಲ್ಲ.

ನಾನು ಒಬ್ಬಳೇ ಗಟ್ಟಿಯಾಗಿ ಏನೋ ಅಂದಿರಬೇಕು. ಅಜ್ಜ ಇಣುಕಿದರು. “ಏನಾಯ್ತು ತಾಯಿ?”

“ಅಜ್ಜಾ, ಮೊನ್ನೆ ಸರಿಯಾಗಿದ್ದ ಹಾಡು ಇವತ್ತು ಓಡ್ತಾ ಇದೆ. ಇವತ್ತೇನು ಬೇರೆ?”

“ನಂಗೆ ನಿಮ್ಮ ಹಾಡು ತಿಳೀದು. ಇವತ್ತು ಮೋಟ್ರು ಸದ್ದಿಲ್ಲ, ಅಷ್ಟೇಯ. ಪಕ್ಕದ್ ತ್ವಾಟದಾಗೆ ಮೀಯಾನ ಅಂತ ವೋದ್ರೆ ನೀರೇ ಇಲ್ಲ ಕಣಮ್ಮ. ದಿನಾ ಆದ್ರೆ ನೀವು ಹಾಡಕ್ಕೆ ಕೂರೋ ಹೊತ್ಗೆ ಸುತ್ತಾ ಮುತ್ತಾ ಒಂದೊಂದಾಗಿ ಎದ್ಬುಡ್ತವೆ.”

ಸೋಮವಾರ ಇಂಜಿನಿಯರ್ ಮೆಷಿನ್ನಿನ ಪ್ಲಗ್ಗಿಗೆ ವೋಲ್ಟ್ ಮೀಟರ್ ಹಚ್ಚಿ ಕೂತರು. ಹತ್ತಕ್ಕೆ ಮುಂಚೆ ಮುಳ್ಳು ಇರಬೇಕಾದಲ್ಲಿ ಇತ್ತು. ಆಮೇಲೆ ತೋಟಗಳಲ್ಲಿ ಒಂದೊಂದು ಮೋಟರು ಎದ್ದಂತೆ ಮುಳ್ಳು ಒಂದೊಂದು ಮೆಟ್ಟಿಲು ಇಳಿಯಿತು. ಮಧ್ಯಾಹ್ನ ಹೊಲದಿಂದ ಹೊಲಕ್ಕೆ ನೀರು ತಿರುಗಿಸುವಾಗ ಇನ್ನಷ್ಟು ಮೋಟರು, ಇನ್ನಷ್ಟು ಇಳಿತ. ನಮ್ಮ ಹಳೇ ಮೆಷಿನ್ನಿನ ಮೋಟರು ವೋಲ್ಟೇಜು ಇಳಿದ ಹಾಗೆಲ್ಲ ಟೇಪನ್ನು ನಿಧಾನವಾಗಿ ಎಳೆಯುತ್ತಿತ್ತು. ನಿಧಾನ ಎಳೆದ ಟೇಪಿಗೆ ತುಂಬಿದ ಹಾಡನ್ನು ಬೆಂಗಳೂರಿನ ಭದ್ರವಾದ ಕರೆಂಟಿನಲ್ಲಿ ಹಾಕಿದರೆ ಅದು ಓಡದೆ ಏನು ಮಾಡುತ್ತದೆ? ಇಲ್ಲಿ ನಾವು ಕೇಳುವಾಗಲೂ ಅದೇ ಸೋತ ಕರೆಂಟು, ಹಾಗಾಗಿ ಸರಿಯಾಗಿಯೇ ಕೇಳಿಸಿತ್ತು. ಇಂಜಿನಿಯರ್ ಮೀಟರ್ ಕೆಳಗಿಟ್ಟು, “ನನ್ನ ಕೆಲಸ ಇದು, ನಾನು ನೋಡಬೇಕಿತ್ತು,” ಅಂದರು.

ಹನ್ನೊಂದೂವರೆಗೆ ಬೇಸಿನವನು ಎಂದಿನ ಹಾಗೆ ನೀರು ಬಿಟ್ಟು ಬಂದೆ ಅಂತ ಕೂಗುತ್ತಾ ಒಳಗೆ ಬಂದ. ವಿಷಯ ಹೇಳಿದೆವು. ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

“ಅಯ್ಯೋ ದೇವುಡಾ! ಅಲ್ಲಿ ಸ್ವಿಚ್ ಹಾಕಿದ್ದೂ ನಾನೇ, ಬಸ್ ಹತ್ತಿ ಬಂದು ಅದೇ ಕರೆಂಟಲ್ಲಿ ನುಡಿಸಿದ್ದೂ ನಾನೇ. ಪಾಪ, ಬೈಸ್ಕೊಂಡಿದ್ದು ಮಾತ್ರ ಭಾಯಿ!”

ಮಿಲ್ಲಿನ ಆಫೀಸಿನ ಸ್ಟೆಬಿಲೈಸರ್ ತಂದು ಹಾಕಿ ನೋಡಿದೆವು. ಅದು ವೋಲ್ಟೇಜು ಇಳಿದಾಗೆಲ್ಲ ಟಕ್ ಅಂತ ಮೇಲಕ್ಕೆ ತಳ್ಳುತ್ತಿತ್ತು, ಹಾಡು ಬಿಕ್ಕಳಿಸುತ್ತಿತ್ತು. ತೆಗೆದಿಟ್ಟೆವು. ಉಳಿದ ದಾರಿ ಒಂದೇ. ನಾಲ್ಕಕ್ಕೆ ತ್ರೀ ಫೇಸ್ ತೆಗೆಯುತ್ತಾರೆ, ಆರು ದಾಟಿದರೆ ಊರ ದೀಪಗಳೆಲ್ಲ ಹತ್ತುತ್ತವೆ. ಮಧ್ಯದ ಎರಡು ಗಂಟೆ ಕರೆಂಟು ಅಲುಗುವುದಿಲ್ಲ. ಆದರೆ ದಿನಗಳು? ಚಪ್ಪಾಳೆಗೆ, ಕಂಬಳಿಗೆ, ಪತ್ರಕ್ಕೆ ಕಾದದ್ದಕ್ಕೆ ಅಂತ ಹತ್ತು ಕಳೆದಿದ್ದವು. ಮೆಷಿನ್ನಿನ ಯಜಮಾನರಿಗೆ ಇಂಜಿನಿಯರೇ ಟ್ರಂಕ್ ಕಾಲ್ ಮಾಡಿ ಮೂರು ದಿನ ಹೆಚ್ಚು ಬೇಡಿಕೊಂಡರು. ಮಂಗಳವಾರದಿಂದ ಶನಿವಾರ. ದಿನಕ್ಕೆ ಎರಡು ಗಂಟೆಯಂತೆ ಐದು ದಿನ, ಎಂಟು ಹಾಡು.

ಗಿಟಾರಿಸ್ಟ್ ಹಿಂಜರಿದ. ಅವನನ್ನು ದೂರುವುದಿಲ್ಲ, ಆ ಬ್ಯಾಂಡು ಅವನ ಜೀವ. “ಟೀಚರ್, ಕಂಪನಿಯವರಿಗೆ ಪಂಪ್‌ಸೆಟ್ಟಿನ ಕಥೆ ಹೇಳಿದ್ರೆ ನಗ್ತಾರೆ. ಅವರ ಡ್ರಮ್ಮರ್ ನಾಳೆ ಬರ್ತಾನೆ. ಅವನ ಜೊತೇನೇ ನಾಲ್ಕು ಗಂಟೆಗೆ ಮಾಡೋಣ. ಇರೋ ಒಂದು ಚಾನ್ಸು.”

“ತಪ್ಪು ಭಾಯಿದಲ್ಲ ಅಂತ ಗೊತ್ತಾದ ಮೇಲೂ?”

“ಗೊತ್ತಾಗಿರೋದು ನಮಗೆ. ಅವರಿಗಲ್ಲ.”

“ಹಾಗಾದ್ರೆ ನನ್ನ ದನಿಗೂ ಬೆಂಗಳೂರಿಂದಲೇ ಒಬ್ಬರನ್ನ ಕರೆಸಿಕೊಳ್ಳಿ,” ಅಂದೆ. ಹೆದರಿಸಲು ಅಂದದ್ದಲ್ಲ. ಬಾಯಿಂದ ಬಂದ ಮೇಲೆ ಅದು ನಿಜ ಅಂತ ನನಗೇ ಗೊತ್ತಾಯಿತು.

ಅವನು ಗಿಟಾರಿನ ತಂತಿಯನ್ನು ಸುಮ್ಮನೆ ಮೀಟುತ್ತಾ ನಿಂತ. ಆಮೇಲೆ ಗೋಡೆ ಗಡಿಯಾರ ನೋಡಿ, “ಟೆಲಿಗ್ರಾಂ ಐದರೊಳಗೆ ಕೊಡಬೇಕು. ಬೇಗ ಹೋಗಿ,” ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಇವತ್ತಿಗೂ ಋಣಿ. ನಿಮ್ಮ ಡ್ರಮ್ಮರ್ ಬೇಡ, ದೋಷ ಕರೆಂಟಿನದು, ಹೊಸ ಟೇಪು ಭಾನುವಾರ ಕೈಸೇರುತ್ತದೆ. ಟೆಲಿಗ್ರಾಂನಲ್ಲಿ ಬರೆದದ್ದು ಇಷ್ಟೇ.

ಅಲ್ಲಿಂದಲೇ ಶಿರಾ ಬಸ್ಸು ಹತ್ತಿದೆ. ಭಾಯಿಗೆ ಸೈಕಲ್ ಶಾಪು ಇತ್ತು. ಸೈಕಲ್ಲೊಂದನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಾ, ಬೆರಳು ತಾಗಿಸಿ ಅದರ ಬಳುಕು ತೆಗೆಯುತ್ತಿದ್ದರು. ನಾನು ಬಲಗಡೆಗೆ ಹೋಗಿ ನಿಂತು ಎಲ್ಲ ಹೇಳಿದೆ. ಅವರು ಚಕ್ರ ನಿಲ್ಲಿಸಲಿಲ್ಲ.

“ಮೇಡಂ, ನಿಮ್ಮ ದಿಲ್ ದೊಡ್ಡದು. ಆದ್ರೆ ನನ್ನ ಮೇಲೆ ರಹಮ್ ತೋರಿಸೋಕೆ ಇಷ್ಟು ದೂರ ಬರಬಾರ್ದಿತ್ತು. ಕರೆಂಟಿಗೂ ತಾಳಕ್ಕೂ ಏನು ಸಂಬಂಧ?”

ಅಂಗಡಿಯಲ್ಲಿ ಡೈನಮೋ ಇದ್ದ ಸೈಕಲ್ಲೊಂದು ಸ್ಟ್ಯಾಂಡಿನ ಮೇಲಿತ್ತು. ಅದರ ಪೆಡಲನ್ನು ಕೈಯಿಂದ ತಿರುಗಿಸಿದೆ. ಜೋರಾಗಿ ತಿರುಗಿಸಿದರೆ ದೀಪ ಬೆಳಗುತ್ತದೆ, ನಿಧಾನಿಸಿದರೆ ಮಂಕಾಗುತ್ತದೆ. “ಇದನ್ನೇ ಉಲ್ಟಾ ಮಾಡಿ ಭಾಯಿ. ಕರೆಂಟು ಮಂಕಾದ್ರೆ ಅಲ್ಲಿ ಚಕ್ರ ನಿಧಾನ. ನೀವು ಸರಿಯಾಗೇ ಬಾರಿಸಿದ್ರಿ, ಚಕ್ರ ನಿಮ್ಮನ್ನ ತಪ್ಪಾಗಿ ಬರ್ಕೊಳ್ತು.”

ಅವರ ಬೆರಳು ಚಕ್ರದ ಮೇಲೆ ನಿಂತಿತು. ಡೈನಮೋ ದೀಪ ನೋಡಿದರು, ನನ್ನನ್ನು ನೋಡಿದರು.

“ಹಾಗಾದ್ರೆ ಈ ಕಿವಿ ಇನ್ನೂ ಇದೆ?”

“ಕಿವಿ ವಿಷಯ ನನಗೆ ಗೊತ್ತಿಲ್ಲ ಭಾಯಿ. ತಾಳ ಇದೆ.” ಸುಮ್ಮನಿರಲಾಗದೆ ಇನ್ನೂ ಒಂದು ಹೇಳಿದೆ. “ಶನಿವಾರ ನಾನೂ ನಿಮ್ಮ ತಪ್ಪೇ ಅಂದುಕೊಂಡಿದ್ದೆ. ಕ್ಷಮಿಸಬೇಕು.”

“ನಾನೂ ಹಂಗೇ ಅಂದ್ಕೊಂಡಿದ್ದೆ ಮೇಡಂ,” ಅಂದರು ಭಾಯಿ, ಕೈಯ ಗ್ರೀಸ್ ಒರೆಸುತ್ತಾ. “ಜರಾ ಇರಿ. ಕೋಲು ತರ್ತೀನಿ.”

ಆ ಐದು ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಸೆಕೆ. ಏಪ್ರಿಲ್ ಸಂಜೆ, ಸುತ್ತಾ ಮೂವತ್ತು ಕಂಬಳಿ, ಫ್ಯಾನು ಹಾಕಿದರೆ ಮೈಕಿಗೆ ಗಾಳಿ. ರಾತ್ರಿ ಪಾಳಿ ಮುಗಿಸಿ ಬಂದ ಬೇಸಿ‌ನವನು ಮಧ್ಯಾಹ್ನವೆಲ್ಲ ಮೂಟೆಗಳ ಮೇಲೆ ಮಲಗಿರುತ್ತಿದ್ದ. ನಾಲ್ಕು ಹೊಡೆದು ತೋಟದ ಮೋಟರುಗಳು ಒಟ್ಟಿಗೆ ಬಾಯಿ ಮುಚ್ಚುತ್ತಿದ್ದ ಹಾಗೆ ಅಜ್ಜ ಅವನ ಕಾಲು ಅಲುಗಿಸಿ, “ಏಳ್ಲಾ, ನಿನ್ ರೈತ್ರ ನೀರು ನಿಂತದೆ,” ಅನ್ನುವರು. ಪ್ರತಿ ಹಾಡಿನ ಮೊದಲು ಒಮ್ಮೆ, ಕೊನೆಯಲ್ಲಿ ಒಮ್ಮೆ ನಾನು ಹಾರ್ಮೋನಿಯಂನ ಒಂದೇ ಸ್ವರವನ್ನು ಟೇಪಿಗೆ ತುಂಬುತ್ತಿದ್ದೆ. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮುಂಚೆ ಎರಡೂ ತುದಿ ಕೇಳಿ, ಸ್ವರ ಒಂದೇ ಇದ್ದರೆ ಆ ಹಾಡು ಪಾಸು. ಒಂದು ಹಾಡು ಫೇಲಾಯಿತು, ಗುರುವಾರ ಯಾರದೋ ಜವಳಿ ಅಂಗಡಿಯಲ್ಲಿ ಬೇಗ ದೀಪ ಹತ್ತಿಸಿದ್ದರೋ ಏನೋ. ಅದನ್ನು ಶುಕ್ರವಾರ ಮತ್ತೆ ಮಾಡಿದೆವು.

ಶನಿವಾರಕ್ಕೆ ಎರಡು ಹಾಡು ಉಳಿದಿದ್ದವು. ಮೊದಲನೆಯದಕ್ಕೇ ಒಂದೂಮುಕ್ಕಾಲು ಗಂಟೆ ಹೋಯಿತು, ತಪ್ಪೆಲ್ಲ ನನ್ನದೇ. ಕೊನೆಯದಕ್ಕೆ ಇಂಜಿನಿಯರ್ ಗಡಿಯಾರ ತೋರಿಸಿ ಒಂದು ಬೆರಳು ಎತ್ತಿದರು. ಒಂದೇ ಸಲ. ಭಾಯಿ ಹಿಮ್ಮಡಿಯನ್ನು ಹಲಗೆಗೆ ಒತ್ತಿ, ನಮ್ಮ ಮೂವರ ಮುಖವನ್ನೂ ನೋಡಿ, ಕೋಲಿನಿಂದ ಕೋಲಿಗೆ ನಾಲ್ಕು ಏಟು ಎಣಿಸಿದರು. ಎಲ್ಲೆಲ್ಲೋ ತಿರುಗಾಡಿಕೊಂಡು ನಾನು ಒಂದನೇ ಏಟಿಗೆ ವಾಪಸ್ ಬಂದಾಗಲೆಲ್ಲ ಅವರು ಅಲ್ಲಿದ್ದರು. ಹಾಡಿನುದ್ದಕ್ಕೂ ಅಲ್ಲೇ ಇದ್ದರು. ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ಮತ್ತೆಂದೂ ಹಾಡಲಿಲ್ಲ.

ಕಂಪನಿಯಿಂದ ಒಂದೇ ಸಾಲಿನ ಪತ್ರ ಬಂತು, ಒಪ್ಪಿಗೆ ಅಂತ. ಕ್ಷಮೆ ಕೇಳಿರಲಿಲ್ಲ, ನಮಗದು ಬೇಕೂ ಇರಲಿಲ್ಲ. ರೆಕಾರ್ಡು ಚಳಿಗಾಲದಲ್ಲಿ ಹೊರಬಂತು. ಕವರಿನ ಹಿಂಬದಿಯಲ್ಲಿ ಡ್ರಮ್ಸ್ ಅಂತಿದ್ದ ಕಡೆ ಭಾಯಿಯ ಪೂರ್ತಿ ಹೆಸರು.

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯಲ್ಲಿ ವಿಮರ್ಶೆ ಬಂದಾಗ ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ. ವಿಮರ್ಶಕರಿಗೆ ಹಿಡಿಸಿರಲಿಲ್ಲ. ಗಿಟಾರು ಪರದೇಶದ ನಕಲು. ಹಾಡುವ ಹೆಂಗಸು ಭಾನುವಾರದ ಪ್ರಾರ್ಥನೆಯಿಂದ ದಾರಿ ತಪ್ಪಿ ಬಂದವಳ ಹಾಗಿದ್ದಾಳೆ, ಅವಳ ಉಚ್ಚಾರಣೆ ಶುದ್ಧ, ಅದೊಂದೇ ಶುದ್ಧ. ಸೌಂಡು ಕುರಿದೊಡ್ಡಿಯಲ್ಲಿ ರೆಕಾರ್ಡ್ ಮಾಡಿದ ಹಾಗಿದೆ. ಕೊನೆಯ ಪ್ಯಾರಾದಲ್ಲಿ ಡ್ರಮ್ಮರ್‌ನ ಹೆಸರು ಹಿಡಿದು, ಈ ತಂಡದಲ್ಲಿ ಅವಸರವೆಂದರೇನೆಂದು ತಿಳಿಯದ ಒಬ್ಬ ಮನುಷ್ಯನಿದ್ದಾನೆ, ಅವನ ತಾಳಕ್ಕಾಗಿ ಮಾತ್ರ ಇದನ್ನು ಇನ್ನೊಮ್ಮೆ ಕೇಳುತ್ತೇನೆ ಅಂತ ಬರೆದಿದ್ದರು. ಅತ್ತೆನೋ ನಕ್ಕೆನೋ ನೆನಪಿಲ್ಲ. ಕುರಿದೊಡ್ಡಿಯ ಮಾತನ್ನು ಸಂತೆಗೆ ಬಂದಿದ್ದ ಅಜ್ಜನಿಗೆ ಹೇಳಿದರೆ ಅವರು ಬೆರಗಾಗಿಬಿಟ್ಟರು. “ಬೆಂಗ್ಳೂರಾಗೆ ಕುಂತ್ಕೊಂಡು ಅವ್ನಿಗೆ ವಾಸ್ನೆ ಹೆಂಗೆ ಸಿಕ್ತು ಕಣಮ್ಮ!”

ಶನಿವಾರ ಪತ್ರಿಕೆ ಹಿಡಿದು ಶಿರಾಕ್ಕೆ ಹೋದೆ. ಭಾಯಿಗೆ ಇಂಗ್ಲಿಷ್ ಬಾರದು. ಹಿಂದೊಮ್ಮೆ ಪತ್ರವನ್ನು ಪೂರ್ತಿ ಓದಿ ಅವರ ಮುಖ ನೋಡಿದ್ದೆನಲ್ಲ, ಈ ಸಲ ಕೊನೆಯ ಪ್ಯಾರಾ ಮಾತ್ರ ಓದಿದೆ. ಎರಡು ಸಲ ಓದಿಸಿಕೊಂಡರು. ಚಹಾ ತರಿಸಿದರು. ಪತ್ರಿಕೆಯನ್ನು ಇಟ್ಟುಕೊಳ್ಳಲೇ ಅಂದರು. ಕೊಟ್ಟು ಬಂದೆ.

ಮುಂದಿನ ವಾರ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದರು, ಮುಖ ಬಿಗಿದುಕೊಂಡು. ಯಾರೋ ಪೋಸ್ಟ್ ಮಾಸ್ಟರಿಂದ ಪೂರ್ತಿ ಓದಿಸಿಕೊಂಡಿದ್ದರು.

“ಅರ್ಧಾನೇ ಓದಿದ್ರಿ ಮೇಡಂ.”

“ಉಳಿದರ್ಧ ನಿಮ್ಮದಲ್ಲ ಭಾಯಿ, ನನ್ನದು.”

“ಅರೆ, ರೆಕಾರ್ಡು ನಂದೂ ನಿಮ್ದೂ ಅಂತ ಬೇರೆ ಇದ್ಯಾ? ನಿಮ್ಮನ್ನ ಇಷ್ಟು ಬೈದಿದಾನೆ, ನಾನು ಮಿಠಾಯಿ ಹಂಚಿದೀನಿ ಊರಿಗೆಲ್ಲ! ಆ ಅಖಬಾರಿನವನ ಕಿವಿ ನನ್ನ ಎಡಗಿವಿಗಿಂತ ಹಾಳು.”

ಏನು ಹೇಳಿದರೂ ಸಮಾಧಾನವಾಗಲಿಲ್ಲ. ಕೊನೆಗೆ ನಾನೇ, ಪತ್ರಿಕೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಾದರೆ ಆ ಕೊನೆಯ ಪ್ಯಾರಾ ಮಾತ್ರ ಕತ್ತರಿಸಿ ಹಾಕಿಸಿ ಅಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. “ಕತ್ತರಿ ಹಾಕೋ ಕೆಲ್ಸ ನಮ್ಮದಲ್ಲ,” ಅಂತಷ್ಟೇ ಹೇಳಿ ಬಸ್ಸಿಗೆ ಹೊರಟುಹೋದರು.

ಆ ಕಾಲಂ ಪೂರ್ತಿಯಾಗಿ, ಗಾಜು ಹಾಕಿಸಿಕೊಂಡು, ಅವರ ಸೈಕಲ್ ಶಾಪಿನ ಗೋಡೆಗೆ ಬಂತು. ಬಲಗಿವಿ ಇನ್ನೂ ಆರು ವರ್ಷ ಉಳಿಯಿತು. ಆಮೇಲೂ ಅಂಗಡಿ ಇತ್ತು, ಗೋಡೆಯ ಮೇಲೆ ಅದೂ ಇತ್ತು. ಶಿರಾದಲ್ಲಿ ಬಸ್ಸು ಬದಲಿಸುವಾಗೆಲ್ಲ ನಾನು ಹೋಗಿ ಅವರ ಕಣ್ಣೆದುರು ನಿಲ್ಲುತ್ತಿದ್ದೆ. ಅವರು ಕೈಯಲ್ಲಿದ್ದ ಪಂಪು ಕೆಳಗಿಟ್ಟು ಎದ್ದು, ಪಂಕ್ಚರ್ ಹಾಕಿಸಲು ಬಂದವರನ್ನೆಲ್ಲ ಗೋಡೆಯ ಕಡೆ ತಿರುಗಿಸಿ, ತಮಗೇ ಕೇಳಿಸದ ದೊಡ್ಡ ದನಿಯಲ್ಲಿ, ಎದೆಯುಬ್ಬಿಸಿ ಪರಿಚಯ ಮಾಡಿಕೊಡುತ್ತಿದ್ದರು.

“ನೋಡಿ, ಇದ್ರಲ್ಲಿ ಬೈಸ್ಕೊಂಡಿದಾರಲ್ಲ, ಆ ಮೇಡಂ ಇವ್ರೇ!”

ನಾನು ಕೈ ಮುಗಿಯುತ್ತಿದ್ದೆ.